ಹುಲ್ಲಿನ ಮೇಲೆ ಸಿಕ್ಕ ಕೈಗವಸು

ಭಾನುವಾರ ಮೊದಲ ಪೂಜೆ ಮುಗಿಸಿಕೊಂಡು ಹೊರಗೆ ಬಂದಾಗ ಕಾನ್‌ಸ್ಟೇಬಲ್ ಹಿಕಿ ಚರ್ಚಿನ ಮೆಟ್ಟಿಲ ಕೆಳಗೆ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಹಿಕಿ ದೇವರ ಮುಂದೆಯೇ ಟೋಪಿ ತೆಗೆಯಲು ಮರೆಯುವ ಮನುಷ್ಯ. ಅವನ ಬೋಳುತಲೆ ಕಂಡಾಗಲೇ ಕೆಟ್ಟ ಸುದ್ದಿ ಎಂದು ತಿಳಿಯಿತು.

ಗಿರಣಿಯ ಕಾಲುವೆಯ ಕಬ್ಬಿಣದ ಜಾಲರಿಗೆ ಒಂದು ಹೆಣ ಸಿಕ್ಕಿಕೊಂಡಿದೆ, ಮೈಮೇಲೆ ನಮ್ಮ ತಂಡದ ಅಂಗಿ ಇದೆ, ಗುರುತು ಹಿಡಿಯಲು ಬರಬೇಕು ಎಂದ. ಯಾರು ಎಂದು ನಾನು ಕೇಳಲಿಲ್ಲ. ನನ್ನ ಮನೆಯ ಮೇಲಿನ ಕೋಣೆಯಲ್ಲಿ ಒಂದು ಹಾಸಿಗೆ ಮಡಿಸಿದ ಹಾಗೆಯೇ ಇದ್ದುದನ್ನು ಬೆಳಿಗ್ಗೆ ಕಂಡಿದ್ದೆ.

ಅದು ಫಿಂಟನ್ ರೋಶ್. ವಯಸ್ಸು ಇಪ್ಪತ್ನಾಲ್ಕು. ಅಲ್ಡರ್ಟನ್ ವೀವರ್ಸ್ ಬೇಸ್‌ಬಾಲ್ ತಂಡದಲ್ಲಿ ಮೈದಾನದ ದೂರದ ಎಡಭಾಗ, ಅಂದರೆ ಎಡಬಯಲು, ಕಾಯುವವನು. ನಾನು ಆ ತಂಡದ ಮೈದಾನ ನೋಡಿಕೊಳ್ಳುವ ಮ್ಯಾಲಕಿ ಡೆವೇನ್. ಮೂರು ಋತುಗಳಿಂದ ಅವನಿಗೆ ನನ್ನ ಮನೆಯಲ್ಲೇ ಊಟ, ವಸತಿ. ನನಗೆ ಹುಟ್ಟಿದವನಲ್ಲ. ಆದರೆ ನನ್ನ ಹೆಂಡತಿ ಹಾಸಿಗೆ ಹಿಡಿದ ಕೊನೆಯ ಚಳಿಗಾಲದಲ್ಲಿ ದಿನವೂ ಅವಳ ಪಕ್ಕ ಕುಳಿತು ಪತ್ರಿಕೆ ಓದಿ ಹೇಳಿದವನು ಅವನೇ.

ಶನಿವಾರದ ಆಟ ಓದುಗರಿಗೆ ನೆನಪಿರಬೇಕು: ಲೀಗಿನ ಪಟ್ಟಿಯಲ್ಲಿ ಮೊದಲಿದ್ದ ಬ್ರಾಕ್ಸ್‌ಬರಿಯ ಎದುರು, ಒಂಬತ್ತನೆಯ ಸರದಿಯಲ್ಲಿ ಫಿಂಟನ್ ಒಂದು ಸುಲಭದ ಚೆಂಡನ್ನು ಬಿಟ್ಟ, ನಾವು ಒಂದೇ ರನ್ನಿನಿಂದ ಸೋತೆವು, ಜನ ಅವನ ಮೇಲೆ ಬಾಟಲಿ ಎಸೆದರು.

ಕಾಲುವೆಯ ದಡದಲ್ಲಿ ನಾನು ಅವನ ಕಣ್ಣು ಮುಚ್ಚಿದೆ. ಹಿಕಿ ಮುಖ ತಿರುಗಿಸಿಕೊಂಡ. ಅಷ್ಟು ಹೊತ್ತಿಗೆ ಲೈಲ್ ಪ್ರೆವಿಟ್ ಓಡಿಬಂದ. ಅವನು ನಮ್ಮ ಮುಖ್ಯ ಚೆಂಡೆಸೆಗಾರ, ದಕ್ಷಿಣದವನು, ಉದ್ದನೆಯ ಆಳು, ಮಿತವಾದ ಮಾತು. ಮೇಲಿನ ಕೋಣೆಯ ಇನ್ನೊಂದು ಹಾಸಿಗೆ ಅವನದು. ಫಿಂಟನ್‌ನ ಬೂಟು ಬಿಚ್ಚಿಕೊಂಡು ಮನೆಗೆ ಹೋಗಿ, ಒಣಗಿಸಿ, ಶವಪೆಟ್ಟಿಗೆಗೆಂದು ಹೊಳೆಯುವಂತೆ ಉಜ್ಜಿ ಇಟ್ಟ.

ಸೋಮವಾರ ಹತ್ತು ಗಂಟೆಗೆ ಪುರಭವನದಲ್ಲಿ ಮರಣ ವಿಚಾರಣೆ ನಡೆಯಿತು.

ಮೊದಲು ತಂಡದ ನಾಯಕನನ್ನು ಕರೆದರು. ಆಟ ಮುಗಿದ ಮೇಲೆ ಫಿಂಟನ್ ಯಾರ ಮುಖವನ್ನೂ ನೋಡದೆ ಹೊಳೆಯ ಕಡೆಯ ಸಣ್ಣ ಬಾಗಿಲಿನಿಂದ ಹೊರಗೆ ಹೋದ ಎಂದು ಅವನು ಹೇಳಿದ. ಅಭ್ಯಾಸಕ್ಕೆ ಹೊತ್ತಾಯಿತೆಂದು ಅವನನ್ನು ಕಳಿಸಿಬಿಟ್ಟರು. ಬೇರೆ ಆಟಗಾರರನ್ನು ಕರೆಯಲೇ ಇಲ್ಲ. ತಲೆಯ ಹಿಂದೆ ಒಂದು ಗಾಯ ಇದೆ, ಜಾಲರಿಗೆ ಬಡಿದು ಆಗಿರಬಹುದು, ಬೇರೆ ಥರವೂ ಆಗಿರಬಹುದು ಎಂದು ವೈದ್ಯರು ಹೇಳಿದರು.

ನನ್ನ ಸರದಿ ಬಂದಾಗ ನಾನು ಒಂದೇ ಮಾತು ಹೇಳಿದೆ. ಶುಕ್ರವಾರ ರಾತ್ರಿಯ ಊಟಕ್ಕೆ ಕುಳಿತಾಗ ಫಿಂಟನ್, ಶನಿವಾರದ ಆಟ ಮುಗಿದ ಮೇಲೆ ನಮ್ಮವನೇ ಒಬ್ಬನ ಹತ್ತಿರ ಒಂದು ಮಾತು ಇತ್ಯರ್ಥ ಮಾಡಿಕೊಳ್ಳುವುದಿದೆ ಎಂದಿದ್ದ. ಯಾರ ಹತ್ತಿರ ಎಂದು ವಿಚಾರಣೆಯ ಅಧಿಕಾರಿ ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರು ಅದನ್ನು ಬರೆದುಕೊಳ್ಳಲಿಲ್ಲ.

ಕೊನೆಗೆ ಹಿಕಿ ಒಂದು ಕೈಗವಸನ್ನು ಮೇಜಿನ ಮೇಲೆ ಇಟ್ಟ.

ಫಿಂಟನ್‌ನದೇ ಅದು. ಹೆಬ್ಬೆರಳಿನ ಹತ್ತಿರ ನಾನೇ ಮೇಣದ ದಾರದಲ್ಲಿ ಹೊಲಿದುಕೊಟ್ಟಿದ್ದೆ. ಭಾನುವಾರ ಮಧ್ಯಾಹ್ನ ಎಡಬಯಲಿನ ಹುಲ್ಲಿನ ಮೇಲೆ ಸಿಕ್ಕಿತು ಎಂದು ಹಿಕಿ ಹೇಳಿದ. ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಆಟದ ಒಂಬತ್ತು ಸರದಿಗಳಲ್ಲಿ ಪ್ರತಿ ಸರದಿಗೂ ಎರಡು ತಂಡಗಳೂ ಒಮ್ಮೆ ಬ್ಯಾಟು ಮಾಡುತ್ತವೆ, ಒಮ್ಮೆ ಬಯಲು ಕಾಯುತ್ತವೆ. ಬ್ಯಾಟು ಮಾಡಲು ಒಳಗೆ ಬರುವಾಗ ಯಾವ ಆಟಗಾರನೂ ಕೈಗವಸನ್ನು ತರುವುದಿಲ್ಲ. ತಾನು ನಿಂತ ಜಾಗದಲ್ಲೇ ಹುಲ್ಲಿನ ಮೇಲೆ ಬಿಸುಟು ಬರುತ್ತಾನೆ, ಮತ್ತೆ ಚೆಂಡು ಹಿಡಿಯಲು ಹೋದಾಗ ಎತ್ತಿಕೊಳ್ಳುತ್ತಾನೆ. ಎಲ್ಲ ಊರಿನ ಎಲ್ಲ ತಂಡಗಳ ಪದ್ಧತಿ ಅದೇ.

ಕೊನೆಯ ಸರದಿಗೆ ಬ್ಯಾಟು ಮಾಡಲು ಬರುವಾಗ ಬಿಟ್ಟು ಬಂದಿದ್ದಾನೆ, ಸೋತ ಮೇಲೆ ಅದನ್ನು ತರಲು ಹೋಗಿಲ್ಲ ಎಂದು ಹಿಕಿ ವಿವರಿಸಿದ.

“ಆಟಗಾರ ಕೈಗವಸು ಬಿಟ್ಟು ಹೋದ ಅಂದ್ರೆ ಸ್ವಾಮಿ, ಮತ್ತೆ ಆಡೋ ಆಸೆ ಬಿಟ್ಟ ಅಂತಲೇ ಲೆಕ್ಕ.”

ಆ ಮಾತು ಅಧಿಕಾರಿಯ ಮನಸ್ಸಿಗೆ ಹಿಡಿಸಿತು. ತಾನೇ ಜೀವ ಕಳೆದುಕೊಂಡಿದ್ದಾನೆ ಎಂದು ಬರೆದು ಸಹಿ ಹಾಕಿದರು.

ಏನೋ ಸರಿಯಿಲ್ಲ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಏನು ಎಂದು ತಿಳಿಯುತ್ತಿರಲಿಲ್ಲ. ದುಃಖದಲ್ಲಿ ಬುದ್ಧಿ ಒದ್ದೆ ಬಟ್ಟೆಯಂತಾಗುತ್ತದೆ. ಎಷ್ಟು ಹಿಂಡಿದರೂ ಭಾರ ಇಳಿಯುವುದಿಲ್ಲ.

ಮಧ್ಯಾಹ್ನದ ರೈಲಿಗೆ ಫಿಂಟನ್‌ನ ತಾಯಿ ಹೊನೋರಾ ಬಂದಳು. ಅವಳ ಗಂಡ ಇದೇ ಊರಿನ ಗಿರಣಿಯಲ್ಲಿ ದುಡಿದು ಸತ್ತವನು, ನಮ್ಮ ಚರ್ಚಿನ ಸ್ಮಶಾನದಲ್ಲಿ ಮಲಗಿದ್ದಾನೆ. ಶವಪೆಟ್ಟಿಗೆಯನ್ನು ನನ್ನ ಮನೆಯ ನಡುಕೋಣೆಯಲ್ಲಿ ಇಟ್ಟಿದ್ದೆವು. ಅವಳು ಮಗನ ಹಣೆಯ ಮೇಲೆ ಕೈಯಿಟ್ಟಳು. ಆಮೇಲೆ, ಜೊತೆಗೆ ನಿಂತಿದ್ದ ಫಾದರ್ ಕಿಲ್ಡಫ್ ಕಡೆ ತಿರುಗಿದಳು.

“ಅವರ ಪಕ್ಕದ ಜಾಗ ನನಗೆ ಅಂತ ಇಟ್ಕೊಂಡಿದ್ದೆ ಫಾದರ್. ಅದನ್ನ ಇವನಿಗೆ ಕೊಡಿ. ನನ್ನನ್ನ ಎಲ್ಲಾದ್ರೂ ಹಾಕಿ.”

ಫಾದರ್ ಕಿಲ್ಡಫ್ ಕೆಟ್ಟವರಲ್ಲ. ಜಪದ ಪುಸ್ತಕದಲ್ಲಿ ಪುಟದ ಗುರುತಿಗೆ ಲೀಗಿನ ಅಂಕಪಟ್ಟಿ ಇಟ್ಟುಕೊಳ್ಳುವ ಮನುಷ್ಯ. ಆದರೆ ಅವರ ಮುಖ ಬಿಳಿಚಿಕೊಂಡಿತು. ತಾನಾಗಿ ಪ್ರಾಣ ಬಿಟ್ಟವನನ್ನು ಪವಿತ್ರ ನೆಲದಲ್ಲಿ ಹೂಳುವ ಹಾಗಿಲ್ಲ, ಅವನಿಗಾಗಿ ಗಂಟೆ ಬಾರಿಸುವ ಹಾಗಿಲ್ಲ, ಚರ್ಚಿನ ಹೆಸರಲ್ಲಿ ಪ್ರಾರ್ಥನೆ ಹೇಳುವ ಹಾಗಿಲ್ಲ. ಇದು ತಾನು ಮಾಡಿದ ನಿಯಮವಲ್ಲ, ತಾನು ಮುರಿಯುವಂಥದ್ದೂ ಅಲ್ಲ ಎಂದರು. ಊರಾಚೆ, ಗುರುತಿಲ್ಲದ ಹೆಣಗಳನ್ನು ಹೂಳುವ ಜಾಗ ಒಂದಿದೆ. ಬುಧವಾರ ಒಂಬತ್ತು ಗಂಟೆಗೆ ಅಲ್ಲಿ.

ಹೊನೋರಾ ಅಳಲಿಲ್ಲ. ಕುರ್ಚಿ ಎಳೆದುಕೊಂಡು ಮಗನ ತಲೆಯ ಹತ್ತಿರ ಕುಳಿತಳು. ಬುಧವಾರದವರೆಗೂ ಅವಳು ಅಲ್ಲಿಂದ ಏಳಲಿಲ್ಲವೆಂದೇ ಹೇಳಬೇಕು.

ಆ ಸಂಜೆ ನಾನು ಕುಡುಗೋಲು ತೆಗೆದುಕೊಂಡು ಎಡಬಯಲಿಗೆ ಹೋದೆ. ಶನಿವಾರದಿಂದ ಅಲ್ಲಿಗೆ ಕಾಲಿಟ್ಟಿರಲಿಲ್ಲ.

ಯಾಕೆಂದು ಇಲ್ಲಿ ಬರೆದುಬಿಡುತ್ತೇನೆ. ಬ್ರಾಕ್ಸ್‌ಬರಿಯ ಎಡಬಯಲಿನವನು ಭಾರದ ಆಳು. ಅವನು ಜಾರಲಿ ಎಂದು, ನಮ್ಮ ಮೇಲ್ವಿಚಾರಕ ಹ್ಯಾವರ್‌ಕ್ಯಾಂಪ್ ಹೇಳಿದಂತೆ, ಶನಿವಾರ ಬೆಳಿಗ್ಗೆ ನಾನು ಆ ಹುಲ್ಲಿಗೆ ನಲವತ್ತು ಬಕೆಟ್ ನೀರು ಹೊಯ್ದಿದ್ದೆ. ಮೈದಾನ ನೋಡಿಕೊಳ್ಳುವವರು ಎಲ್ಲ ಊರಲ್ಲೂ ಇಂಥದ್ದು ಮಾಡುತ್ತಾರೆ. ಆ ಭಾರದ ಆಳು ಇಡೀ ಮಧ್ಯಾಹ್ನ ಜಾರಲಿಲ್ಲ. ನಮ್ಮ ಹುಡುಗ ಜಾರಿದ. ಜನ ಚೆಂಡು ಬಿದ್ದದ್ದನ್ನು ಮಾತ್ರ ಕಂಡರು. ನಾನು ಅವನ ಕಾಲನ್ನು ಕಂಡೆ.

ಅದಕ್ಕೇ ಶನಿವಾರ ಸಂಜೆ ನಾನು ಎಡಬಯಲಿಗೆ ಹೋಗಿರಲಿಲ್ಲ. ಹೋಗಿದ್ದರೆ ಕೈಗವಸು ಆಗ ಅಲ್ಲಿತ್ತೋ ಇಲ್ಲವೋ ಎಂದು ಪ್ರಮಾಣ ಮಾಡಿ ಹೇಳಬಹುದಿತ್ತು. ನನ್ನ ನಾಚಿಕೆ ಅಷ್ಟಕ್ಕೂ ಅಡ್ಡ ಬಂತು.

ಅವನ ಹಿಮ್ಮಡಿ ಹುಲ್ಲನ್ನು ಸೀಳಿದ ಗುರುತು ಇನ್ನೂ ಇತ್ತು. ಒಂದು ಮೊಳ ಉದ್ದ. ಮಂಡಿಯೂರಿ ಆ ಮಣ್ಣನ್ನು ಕೈಯಿಂದ ಒತ್ತಿ ಮುಚ್ಚುತ್ತಿದ್ದೆ. ಇಲ್ಲಿ ಜಾರಿದ, ಚೆಂಡು ಬಿತ್ತು, ಅವರ ಓಟಗಾರ ಕೊನೆಯ ಗುರುತು ಮುಟ್ಟಿ ಗೆಲುವಿನ ರನ್ನು ತಂದ, ಆಟ ಮುಗಿಯಿತು ಎಂದು ಮನಸ್ಸಿನಲ್ಲೇ ಎಣಿಸಿಕೊಂಡೆ.

ಕೈ ಅಲ್ಲೇ ನಿಂತಿತು.

ಆಟ ಮುಗಿಯಿತು. ಆಮೇಲೆ ನಾವು ಬ್ಯಾಟು ಮಾಡಲು ಬರಲೇ ಇಲ್ಲ.

ನಮ್ಮ ಮೈದಾನದಲ್ಲಿ ನಾವು ಯಾವಾಗಲೂ ಎರಡನೆಯವರಾಗಿ ಬ್ಯಾಟು ಮಾಡುತ್ತೇವೆ. ಆ ಶನಿವಾರ ಮಾತ್ರ ಹಾಗಾಗಲಿಲ್ಲ. ಬ್ರಾಕ್ಸ್‌ಬರಿಯ ಚೆಂಡೆಸೆಗಾರ ಹೊಗೆಸೊಪ್ಪಿನ ಎಂಜಲು ಬಳಿದು ಚೆಂಡನ್ನು ಕಪ್ಪು ಮಾಡುವುದರಲ್ಲಿ ಹೆಸರಾದವನು. ಆಟದ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಚೆಂಡು. ಅದು ಬೆಳ್ಳಗಿರುವಾಗಲೇ ನಮ್ಮವರು ಹೊಡೆಯಲಿ ಎಂದು ಹ್ಯಾವರ್‌ಕ್ಯಾಂಪ್ ಅಂಪೈರಿನ ಮುಂದೆ ನಿಂತಾಗ, ಆಟಕ್ಕೆ ಐದು ನಿಮಿಷ ಇರುವಾಗ, ಮೊದಲು ಬ್ಯಾಟು ಕೇಳಿದ್ದ. ಕೊನೆಯಲ್ಲಿ ಬ್ಯಾಟು ಮಾಡಿದವರು ಬ್ರಾಕ್ಸ್‌ಬರಿಯವರು. ಹುಲ್ಲಿನ ಮೇಲೆ ಬಿದ್ದಿದ್ದವು ಅವರ ಕೈಗವಸುಗಳು. ಅವರ ಬಲಬಯಲಿನವನು ಮರೆತುಹೋದದ್ದನ್ನು ನಾನೇ ಓಡಿಹೋಗಿ ಅವರ ಗಾಡಿಗೆ ಕೊಟ್ಟು ಬಂದಿದ್ದೆ.

ನಮ್ಮ ಒಂಬತ್ತು ಮಂದಿಯ ಕೈಗವಸುಗಳು ಅವರವರ ಕೈಯಲ್ಲೇ ಇದ್ದವು. ಫಿಂಟನ್ ಮೈದಾನದಿಂದ ಹೊರಗೆ ನಡೆದಾಗ ಅವನ ಕೈಗವಸು ಅವನ ಕೈಯಲ್ಲಿತ್ತು.

ಅದನ್ನು ಯಾರೋ ತೆಗೆದು ತಂದು ಹುಲ್ಲಿನ ಮೇಲೆ ಇಟ್ಟಿದ್ದರು. ಆಟದ ಪದ್ಧತಿ ಬಲ್ಲವನು, ಆದರೆ ಆ ದಿನದ ಆಟ ಕಣ್ಣಾರೆ ನೋಡದವನು. ಫಿಂಟನ್ ಒಂಬತ್ತನೆಯದರಲ್ಲಿ ಚೆಂಡು ಬಿಟ್ಟ ಎಂದು ಯಾರ ಬಾಯಿಂದಲೋ ಕೇಳಿದವನು. ಎಂದಿನಂತೆ ನಾವೇ ಕೊನೆಗೆ ಬ್ಯಾಟು ಮಾಡಿದೆವು ಎಂದುಕೊಂಡವನು.

ಮೊದಲು ಹಿಕಿಯ ಹತ್ತಿರ ಹೋದೆ. ಆಟದ ದಿನ ಅವನು ಹೊರಗೆ ರಸ್ತೆಯಲ್ಲಿ ಗಾಡಿಗಳನ್ನು ನಿಲ್ಲಿಸುವ ಕೆಲಸದಲ್ಲಿದ್ದ. ಹೇಳಿದ್ದನ್ನೆಲ್ಲ ಕೇಳಿ, ಸಹಿಯಾದ ಕಾಗದ ತಿದ್ದುವುದು ತನ್ನ ಕೈಯಲ್ಲಿಲ್ಲ, ಹೋಗಿ ಮಲಗು ಎಂದ.

ಅಲ್ಲಿಂದ ಫಾದರ್ ಕಿಲ್ಡಫ್ ಹತ್ತಿರ ಹೋದೆ. ಅವರು ಗಮನವಿಟ್ಟು ಕೇಳಿದರು. ಶನಿವಾರ ಮಧ್ಯಾಹ್ನ ಪಾಪನಿವೇದನೆ ಕೇಳಲು ಕೂರುವುದರಿಂದ ಅವರು ಆಟ ನೋಡಿರಲಿಲ್ಲ. ಯಾರು ಮೊದಲು, ಯಾರು ಆಮೇಲೆ ಎಂದು ಎರಡು ಸಲ ಹೇಳಿಸಿಕೊಂಡರು.

“ಹೊಳೆ ದಂಡೇಲಿ ಸಿಕ್ಕಿದ್ದನ್ನ ದಾರೀಲಿ ಹೋಗೋನು ಯಾವನೋ ಬೇಲಿ ಮೇಲಿಂದ ಒಳಗೆ ಎಸೆದಿರಬಹುದಲ್ಲ ಮ್ಯಾಲಕಿ. ಅಧಿಕಾರಿ ಅದನ್ನೇ ಕೇಳ್ತಾರೆ. ಬಿಷಪ್ಪರೂ ಅದನ್ನೇ ಕೇಳ್ತಾರೆ.”

“ಹಾಗಾದ್ರೆ ಏನು ತರಬೇಕು ಫಾದರ್?”

“ಸುಳ್ಳು ಹೇಳಿದವನು ಒಬ್ಬ ಬೇಕು. ಕೈಗವಸು ಎಲ್ಲಿ ಬೇಕಾದ್ರೂ ಬೀಳುತ್ತೆ. ಸುಳ್ಳು ಸುಮ್ಮನೆ ಬೀಳಲ್ಲ.”

ಗುಂಡಿ ತೋಡುವವನಿಗೆ ಬುಧವಾರ ಬೆಳಗಿನವರೆಗೆ ಎಲ್ಲೂ ಗುದ್ದಲಿ ಹಾಕಬೇಡ ಎಂದು ಹೇಳುತ್ತೇನೆ ಎಂದರು. ಅವರಿಂದ ಅಷ್ಟಾದದ್ದೇ ದೊಡ್ಡದು.

ಆಟದ ಕೊನೆ ನೋಡದವನು ಎಂದರೆ ನನಗೆ ಹೊಳೆದದ್ದು ಒಂದೇ ಹೆಸರು. ಏಳನೆಯ ಸರದಿಯಲ್ಲಿ ಅಂಪೈರಿಗೆ ಬೈದು ಮೈದಾನದಿಂದ ಹೊರಗೆ ಹಾಕಿಸಿಕೊಂಡವನು ಗಸ್ಟಾವ್ ಹ್ಯಾವರ್‌ಕ್ಯಾಂಪ್. ಶುಕ್ರವಾರ ಅವನೂ ಫಿಂಟನ್ನೂ ಜಗಳವಾಡಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ.

ಮಂಗಳವಾರ ಬೆಳಿಗ್ಗೆ ಗ್ಯಾಲರಿಯ ಕೆಳಗಿನ ಕೋಣೆಗೆ ಹೋದೆ. ಹ್ಯಾವರ್‌ಕ್ಯಾಂಪ್ ಒಬ್ಬನೇ ಕುಳಿತಿದ್ದ. ತೊಡೆಯ ಮೇಲೆ ಆಟಗಾರರ ಅಂಗಿಗಳ ರಾಶಿ. ತೋಳುಗಳಿಗೆ ಕಪ್ಪು ಪಟ್ಟಿ ಹೊಲಿಯುತ್ತಿದ್ದ. ಇಪ್ಪತ್ತು ವರ್ಷ ಚೆಂಡು ಹಿಡಿದು ಅವನ ಬೆರಳುಗಳು ಒಂದೊಂದೂ ಒಂದೊಂದು ದಿಕ್ಕಿಗೆ ಬಾಗಿವೆ. ಸೂಜಿ ಹಿಡಿಯಲು ಆ ದೊಡ್ಡ ಮನುಷ್ಯ ಪಡುತ್ತಿದ್ದ ಪಾಡು ನೋಡಿಯೂ ನಾನು ಮನಸ್ಸು ಗಟ್ಟಿಮಾಡಿಕೊಂಡೆ.

“ಅಂಪೈರು ಆಚೆ ಹಾಕಿದ ಮೇಲೆ ಎಲ್ಲಿಗೆ ಹೋದ್ರಿ?”

“ಎದುರಿನ ಬಿಯರ್ ಅಂಗಡಿ ಮಾಳಿಗೆಗೆ. ಐದು ವರ್ಷದಿಂದ ಅಲ್ಲಿಗೇ ಹೋಗೋದು. ನನಗೆ ಅಂತ ಒಂದು ಕುರ್ಚಿನೇ ಹಾಕಿದಾರೆ.”

“ಶುಕ್ರವಾರ ಅವನಿಗೆ ಬೈದ್ರಿ.”

“ಬೈದೆ. ನಮ್ಮ ಗುಟ್ಟಿನ ಸನ್ನೆಗಳನ್ನ ನಮ್ಮವನೇ ಒಬ್ಬ ಬೇರೆ ತಂಡಗಳಿಗೆ ಹೇಳ್ತಿದಾನೆ ಅಂದ. ಹೆಸರು ಹೇಳು ಅಂದೆ. ಮೊದಲು ಅವನನ್ನೇ ಕೇಳ್ತೀನಿ, ನ್ಯಾಯ ಅಂದ್ರೆ ನ್ಯಾಯ ಅಂದ. ನಿನ್ನ ನ್ಯಾಯ ಕಟ್ಕೊಂಡು ನಾನು ಲೀಗ್ ಗೆಲ್ಲಬೇಕಾ ಅಂತ ಬೈದೆ. ಇನ್ನೇನಿದೆ?”

ಇನ್ನೇನಿದೆ ಎಂದು ನಾನು ಹೇಳಿದೆ. ಕೈಗವಸಿನ ವಿಷಯ, ಅದನ್ನು ಇಟ್ಟವನ ತಪ್ಪಿನ ವಿಷಯ, ಆಟದ ಕೊನೆ ನೋಡದವನು ಮಾತ್ರ ಆ ತಪ್ಪು ಮಾಡಬಲ್ಲ ಎಂಬ ವಿಷಯ. ಹೇಳುತ್ತ ಹೇಳುತ್ತ ನನ್ನ ದನಿ ಏರಿತು. ಅವನು ದಾರವನ್ನು ಹಲ್ಲಿನಿಂದ ಕಡಿದು ಅಂಗಿಯನ್ನು ಪಕ್ಕಕ್ಕಿಟ್ಟ.

“ಮೊದಲು ಬ್ಯಾಟು ತಗೊಳ್ಳೋದು ಅಂತ ಹೇಳಿದ್ದು ಯಾರು?”

“ನೀವು.”

“ಹಾಗಿದ್ರೆ ಈ ಊರಲ್ಲಿ ಆ ತಪ್ಪು ಮಾಡೋಕಾಗದೋನು ಒಬ್ಬನೇ. ಅವನು ನಿನ್ನ ಮುಂದೆ ಕೂತಿದಾನೆ, ಮುದುಕಾ.”

ಇಷ್ಟು ಸರಳವಾದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಹ್ಯಾವರ್‌ಕ್ಯಾಂಪ್ ಬಿಡಲಿಲ್ಲ. “ಈಗ ನಾನು ಕೇಳ್ತೀನಿ. ಎಡಬಯಲಿಗೆ ನೀರು ಹೊಯ್ದೋನು ಯಾರು?”

“ನಾನು. ಹೊಯ್ಯಿ ಅಂದೋರು ನೀವು.”

“ಹೂಂ,” ಎಂದ. ಇನ್ನೊಂದು ಅಂಗಿಯನ್ನು ತೊಡೆಯ ಮೇಲೆ ಎಳೆದುಕೊಂಡ. “ಪತ್ರಿಕೆಯವನು ಕೇಳಿದಾಗ, ಚೆಂಡು ಬಿಟ್ಟ ಅಂತಲೇ ಬರ್ಕೋ ಅಂದೆ. ಜಾರಿದ ಅನ್ನಲಿಲ್ಲ. ಜಾರಿದ ಅಂದ್ರೆ ಯಾಕೆ ಜಾರಿದ ಅಂತ ಕೇಳ್ತಿದ್ದ.”

ನಾನು ಇನ್ನೊಂದು ಸೂಜಿಗೆ ದಾರ ಪೋಣಿಸಿ ಅವನ ಎದುರು ಕುಳಿತೆ. ಇಬ್ಬರೂ ಒಂದೊಂದು ಅಂಗಿ ಹಿಡಿದು ಹೊಲಿದೆವು. ನನ್ನ ಹೊಲಿಗೆ ನೇರ ಇತ್ತು, ಅವನದು ಕೋಳಿ ಕೆದಕಿದ ಹಾಗೆ.

ಹೊಲಿಯುತ್ತ ಹೊಲಿಯುತ್ತ ಅವನ ಆಳುಗಳ ಲೆಕ್ಕ ಕೇಳಿದೆ. ಒಂಬತ್ತು ಮಂದಿ ಮೈದಾನದಲ್ಲಿ, ಮೂವರು ಬೆಂಚಿನ ಮೇಲೆ. ಹಿಂದಿನ ದಿನ ಚೆಂಡೆಸೆದವನು ಮರುದಿನ ಬಾಗಿಲಲ್ಲಿ ನಿಂತು ಟಿಕೇಟು ಹರಿಯುವುದು ನಮ್ಮಲ್ಲಿ ರೂಢಿ, ಹಾಗಾಗಿ ಶನಿವಾರ ಬಾಗಿಲಲ್ಲಿ ಇದ್ದವನು ಪ್ರೆವಿಟ್. ಮೂರನೆಯ ಸರದಿಗೆ ಬಾಗಿಲು ಮುಚ್ಚಿದ ಮೇಲೆ ಬಾಗಿಲಿನವನು ಬಂದು ಬೆಂಚಿನ ತುದಿಯಲ್ಲಿ ಕೂರಬೇಕು. ಟಿಕೇಟು ಬಾಗಿಲಿನಿಂದ ಮೈದಾನ ಕಾಣುವುದಿಲ್ಲ, ನಡುವೆ ಗ್ಯಾಲರಿಯ ಗೋಡೆ ಇದೆ.

ಶನಿವಾರ ಅವನು ಬಂದು ಕೂತನೇ ಎಂದು ಕೇಳಿದೆ.

“ನಾನು ಮೈದಾನ ನೋಡ್ತೀನಿ, ಬೆಂಚಿನ ತುದಿ ನೋಡಲ್ಲ,” ಎಂದ ಹ್ಯಾವರ್‌ಕ್ಯಾಂಪ್. ಒಂದು ಕ್ಷಣದ ನಂತರ ಸೂಜಿಯನ್ನು ಕೆಳಗಿಟ್ಟ. “ಬೇಡ ಮುದುಕಾ. ಅವನು ಇವತ್ತು ಚೆಂಡೆಸೀಬೇಕು. ಇನ್ನು ಹನ್ನೊಂದೇ ಆಟ ಬಾಕಿ.”

ಇಬ್ಬರೂ ಆ ಮಾತನ್ನು ಅಲ್ಲಿಗೇ ನಿಲ್ಲಿಸಿದೆವು. ಬೆಂಚಿನ ಮೇಲಿದ್ದವರ ಕಣ್ಣೂ ಮೈದಾನದ ಮೇಲೇ ಇತ್ತು; ಅದರ ತುದಿ ಖಾಲಿ ಇತ್ತು ಎಂದು ಖಚಿತವಾಗಿ ಹೇಳುವವರು ಯಾರೂ ಇರಲಿಲ್ಲ. ಅನುಮಾನದ ಮೇಲೆ ಒಬ್ಬ ಮನುಷ್ಯನ ಹೆಸರು ಎತ್ತುವುದು ಪಾಪ. ದೇವರೇ, ನನ್ನ ಮನಸ್ಸು ತಪ್ಪಾಗಿರಲಿ ಎಂದು ಬೇಡಿಕೊಂಡೆ.

ಮೂರು ಗಂಟೆಗೆ ಆಟ ನಡೆಯಿತು. ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಪ್ರೆವಿಟ್ ಚೆಂಡೆಸೆದ. ಎದುರಾಳಿಗೆ ಸಿಕ್ಕಿದ್ದು ಎರಡೇ ಹೊಡೆತ. ಮೂರಕ್ಕೆ ಸೊನ್ನೆಯಿಂದ ಗೆದ್ದೆವು. ಶನಿವಾರ ಬಾಟಲಿ ಎಸೆದ ಜನವೇ ಮಂಗಳವಾರ ಎದ್ದುನಿಂತು ಚಪ್ಪಾಳೆ ಹೊಡೆದರು. ಎಡಬಯಲಿನಲ್ಲಿ ಬೇರೆಯವನು ನಿಂತಿದ್ದ. ಪ್ರೆವಿಟ್ ಒಂದು ಸಲವೂ ಆ ಕಡೆ ತಿರುಗಲಿಲ್ಲ; ಅದರಿಂದ ಏನನ್ನೂ ಹೇಳುವ ಹಾಗಿಲ್ಲ, ನಾನೂ ತಿರುಗಲಿಲ್ಲ.

ಸಂಜೆ ಆರಕ್ಕೆ ಮನೆ ತುಂಬಿತು. ಸಾವಿನ ಮನೆಯ ನಮ್ಮ ಪದ್ಧತಿಯಂತೆ ಗಡಿಯಾರ ನಿಲ್ಲಿಸಿದ್ದೆ, ಕನ್ನಡಿಗೆ ಬಟ್ಟೆ ಹೊದಿಸಿದ್ದೆ. ಬಂದವರಿಗೆ ಮಣ್ಣಿನ ಚಿಲುಮೆಗಳೂ ತಟ್ಟೆಯಲ್ಲಿ ಹೊಗೆಸೊಪ್ಪೂ ಇದ್ದವು. ನೆರೆಯ ಹೆಂಗಸರು ಚಹಾ ಕೊಡುತ್ತಿದ್ದರು. ಆಟಗಾರರು ಬಂದು ಮಂಡಿಯೂರಿ ಎದ್ದು ಹೊರಗಿನ ಜಗಲಿಗೆ ಹೋಗಿ ಕುಳಿತರು. ಅಲ್ಲಿಂದ ಆಗಾಗ ಸಣ್ಣ ನಗು ಕೇಳಿಸುತ್ತಿತ್ತು. ಒಮ್ಮೆ ಫಿಂಟನ್ ಕತ್ತೆಯ ಮೇಲೆ ಕೂತು ಓಡಿದ ಕಥೆ, ಇನ್ನೊಮ್ಮೆ ಅಂಪೈರಿನ ಟೋಪಿಯಲ್ಲಿ ಮೊಟ್ಟೆ ಇಟ್ಟ ಕಥೆ. ಸತ್ತವನ ಮನೆಯಲ್ಲಿ ಅವನ ನಗೆಯನ್ನು ನೆನೆಯುವುದು ನಮ್ಮಲ್ಲಿ ತಪ್ಪಲ್ಲ.

ಫಾದರ್ ಕಿಲ್ಡಫ್ ಕೂಡ ಬಂದರು. ಆದರೆ ಪಾದ್ರಿಯಾಗಿ ಅಲ್ಲ. ಕಪ್ಪು ಕೋಟು ಹಾಕಿಕೊಂಡು, ಮೂಲೆಯ ಕುರ್ಚಿಯಲ್ಲಿ ಊರಿನವರೊಬ್ಬರ ಹಾಗೆ ಕುಳಿತರು. ಜಪಮಾಲೆಯನ್ನು ತಾವೊಬ್ಬರೇ ಎಣಿಸುತ್ತಿದ್ದರು. ಏನಾದರೂ ಸಿಕ್ಕಿತೇ ಎಂದು ಕಣ್ಣಲ್ಲೇ ಕೇಳಿದರು. ನಾನು ಇಲ್ಲ ಎಂದು ತಲೆಯಾಡಿಸಿದೆ.

ಏಳು ಗಂಟೆಯ ಸುಮಾರಿಗೆ ಕೋಣೆ ಖಾಲಿಯಾಗಿತ್ತು. ಹೊನೋರಾ ಮಗನ ತಲೆಯ ಹತ್ತಿರ, ಫಾದರ್ ಮೂಲೆಯಲ್ಲಿ, ನಾನು ಮೇಣದಬತ್ತಿಯ ಕುಡಿ ಕತ್ತರಿಸುತ್ತ, ಹ್ಯಾವರ್‌ಕ್ಯಾಂಪ್ ಬಾಗಿಲ ಹತ್ತಿರ ಹೊಗೆಸೊಪ್ಪು ಜಗಿಯುತ್ತ ನಿಂತಿದ್ದ. ಆಗ ಪ್ರೆವಿಟ್ ಮೇಲಿನಿಂದ ಇಳಿದು ಬಂದ. ತಲೆ ತೋಯಿಸಿ ಬಾಚಿಕೊಂಡಿದ್ದ.

ಹೊನೋರಾ ಅವನ ಕೈ ಹಿಡಿದುಕೊಂಡಳು. ಮಗ ಬರೆದ ಕಾಗದಗಳಲ್ಲೆಲ್ಲ ಅವನ ಹೆಸರಿರುತ್ತಿತ್ತಂತೆ.

“ಒಂದೇ ಕೋಣೇಲಿ ಮಲಗ್ತಿದ್ದೋರು ನೀವು. ಜನ ಕೂಗಿದಾಗ ನೀನು ಅವನ ಹತ್ರ ಇದ್ದೆ ಅಲ್ವಾ ಮಗಾ? ಅವನು ಏನಂದ? ನನಗೆ ಯಾರೂ ಹೇಳ್ತಿಲ್ಲ.”

ಪ್ರೆವಿಟ್ ನೆಲ ನೋಡಿದ. ಇಲ್ಲ, ನಾನಿರಲಿಲ್ಲ ಎಂದು ಅವನು ಹೇಳಬಹುದಿತ್ತು. ಆ ತಾಯಿಯ ಮುಖ ನೋಡಿ ಅದನ್ನು ಹೇಳುವುದು ಕಷ್ಟ. ಅದು ಕರುಣೆಯೋ, ಇನ್ನೊಂದೋ, ಇಂದಿಗೂ ನನಗೆ ತಿಳಿಯದು.

“ಇದ್ದೆ ಅಮ್ಮಾ,” ಎಂದ. “ಚೆಂಡು ಬಿತ್ತು. ಆಮೇಲೆ ಅವರ ಕೊನೆಯವನು ಔಟಾದ, ನಮ್ಮೋರೆಲ್ಲ ಒಳಗೆ ಬಂದ್ರು. ಫಿಂಟನ್ ಕೈಗವಸನ್ನ ಹುಲ್ಲಿನ ಮೇಲೆ ಇಟ್ಟು ಬಂದು ನನ್ನ ಪಕ್ಕಾನೇ ಕೂತ. ಬೆನ್ನ ಮೇಲೆ ಕೈ ಇಟ್ಟೆ. ನನ್ನ ಸರದಿ ಬರಲಿ ಲೈಲ್, ನಾನೇ ಕೆಡಿಸಿದ್ದನ್ನ ನಾನೇ ಸರಿಮಾಡ್ತೀನಿ ಅಂದ. ಅವನ ಸರದಿ ಬರೋಕೆ ಮುಂಚೆ ಆಟ ಮುಗೀತು.”

ಹೊನೋರಾ ಅವನ ಕೈಯನ್ನು ಎತ್ತಿ ಮುತ್ತಿಟ್ಟಳು. ಎರಡು ದಿನಗಳಲ್ಲಿ ಮೊದಲ ಬಾರಿಗೆ ಅತ್ತಳು.

ಹ್ಯಾವರ್‌ಕ್ಯಾಂಪ್‌ನ ದವಡೆ ನಿಂತಿತ್ತು. ಮೂಲೆಯಲ್ಲಿ ಜಪಮಾಲೆಯ ಸದ್ದು ನಿಂತಿತ್ತು.

ಆ ಬೆಂಚು, ಆ ಪಕ್ಕ, ಬೆನ್ನ ಮೇಲಿನ ಆ ಕೈ, ಆ ಮಾತು, ಯಾವುದೂ ನಡೆದದ್ದಲ್ಲ. ಚೆಂಡು ಬಿದ್ದಾಗಲೇ ಆಟ ಮುಗಿದಿತ್ತು; ಆಮೇಲೆ ಅಂಥದೊಂದು ಗಳಿಗೆ ಶನಿವಾರದಲ್ಲಿ ಇರಲೇ ಇಲ್ಲ.

ಫಾದರ್ ಎದ್ದರು. ದನಿ ಎಂದಿನಷ್ಟೇ ಮೆತ್ತಗಿತ್ತು.

“ಅವನು ಎದ್ದು ಹೋಗೋವಾಗ ಕೈಗವಸು ತಗೊಂಡ್ನಾ ಲೈಲ್?”

“ಇಲ್ಲ ಫಾದರ್. ಅಲ್ಲೇ ಬಿಟ್ಟ.”

“ನೀನು ನೋಡಿದೆ.”

“ಕಣ್ಣಾರೆ ನೋಡಿದೆ.”

ಫಾದರ್ ತಲೆಯಾಡಿಸಿದರು. ಕೋಟಿನ ಒಳಜೇಬಿನಿಂದ ಪ್ರಾರ್ಥನೆಗೆ ಹಾಕುವ, ಮಡಿಸಿದ ಕಪ್ಪು ಪಟ್ಟೆಯನ್ನು ತೆಗೆದು, ಅದರ ಶಿಲುಬೆಯ ಗುರುತಿಗೆ ತುಟಿ ಮುಟ್ಟಿಸಿ, ಕೊರಳಿಗೆ ಹಾಕಿಕೊಂಡರು. ಪಾದ್ರಿ ಆ ಪಟ್ಟೆ ಹಾಕಿಕೊಂಡರೆ ಮಾತಾಡುವುದು ಚರ್ಚು. ಹೊನೋರಾ ಅದನ್ನು ನೋಡಿದಳು. ಕುರ್ಚಿಯ ಹಿಡಿಗೆ ಕೈಯಾನಿಸಿ ನಿಧಾನವಾಗಿ ನೆಲಕ್ಕೆ ಇಳಿದಳು.

“ಗುಂಡಿ ತೋಡೋನಿಗೆ ಹೇಳಿ ಮ್ಯಾಲಕಿ,” ಎಂದರು ಫಾದರ್. “ಅವನ ಅಪ್ಪನ ಪಕ್ಕ. ಬಿಷಪ್ಪರಿಗೆ ನಾನು ಉತ್ತರ ಹೇಳ್ಕೋತೀನಿ.”

ಪ್ರೆವಿಟ್ ಅವರ ಮುಖ ನೋಡಿದ, ನನ್ನ ಮುಖ ನೋಡಿದ. ಏನೋ ಆಯಿತು ಎಂಬುದಷ್ಟೇ ಅವನಿಗೆ ತಿಳಿಯಿತು. ಏನಾಯಿತು ಎಂದು ತಿಳಿಯಲಿಲ್ಲ. ತಾನು ಹೇಳಿದ ಒಂದೊಂದು ಮಾತನ್ನೂ ಹಿಂದಕ್ಕೆ ಹೋಗಿ ಮುಟ್ಟಿ ನೋಡುತ್ತಿದ್ದ ಹಾಗಿತ್ತು. ಹೊರಗೆ ಹೋಗಿ ಗಾಳಿ ತಗೊಂಡು ಬರ್ತೀನಿ ಎಂದು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟ.

ಹ್ಯಾವರ್‌ಕ್ಯಾಂಪ್ ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತ.

“ಪ್ರಾರ್ಥನೆ ಮುಗೀಲಿ ಲೈಲ್. ಮಂಡಿ ಊರು.”

ಖಾಲಿ ಇದ್ದದ್ದು ನನ್ನ ಪಕ್ಕದ ಜಾಗ ಒಂದೇ. ಅವನು ಬಂದು ಅಲ್ಲಿ ಮಂಡಿಯೂರಿದ. ಅವನ ತೋಳು ನನ್ನ ತೋಳಿಗೆ ತಾಗಿತು. ತೋಳಿನ ಕಪ್ಪು ಪಟ್ಟಿಯ ಹೊಲಿಗೆ ನೇರವಾಗಿತ್ತು. ಜಗಲಿಯಿಂದ ಇನ್ನೂ ಆಟಗಾರರ ಮಾತು ಕೇಳಿಸುತ್ತಿತ್ತು. ಹಿಕಿಯನ್ನು ಕರೆಯಲು ಎದ್ದು ಹೋಗಬೇಕಾದವನು ನಾನು. ಏಳಲಿಲ್ಲ. ಪಕ್ಕದಲ್ಲಿರುವವನ ವಿಷಯ ಇನ್ನು ಸ್ವಲ್ಪ ಹೊತ್ತು ನನ್ನ ಮನಸ್ಸಿಗೆ ಬರದ ಹಾಗೆ ಮಾಡು ದೇವರೇ, ಈ ಗಳಿಗೆ ನನ್ನ ಹುಡುಗನೊಬ್ಬನದೇ ಆಗಿರಲಿ ಎಂದು ಕೇಳಿಕೊಂಡು ಕಣ್ಣು ಮುಚ್ಚಿದೆ.

ಫಾದರ್ ಆರಂಭಿಸಿದರು. ಹೊನೋರಾ ದನಿಗೂಡಿಸಿದಳು, ನಾನು ದನಿಗೂಡಿಸಿದೆ.

ಸ್ವಾಮಿ, ನಿನ್ನ ಸೇವಕನಾದ ಫಿಂಟನ್‌ಗೆ ಕೊನೆಯಿಲ್ಲದ ವಿಶ್ರಾಂತಿಯನ್ನು ಕೊಡು. ಆರದ ಬೆಳಕು ಅವನ ಮೇಲಿರಲಿ. ಅವನು ತಿಳಿದು ಮಾಡಿದ್ದನ್ನೂ ತಿಳಿಯದೆ ಮಾಡಿದ್ದನ್ನೂ ಕ್ಷಮಿಸು. ಅವನ ತಂದೆ ಮಲಗಿರುವ ನೆಲದಲ್ಲಿ ಅವನನ್ನು ಮಲಗಿಸು. ಅವನ ಆತ್ಮಕ್ಕೆ ಶಾಂತಿ ಇರಲಿ. ಆಮೆನ್.